ಗ್ರಂಥಾಲಯದ ಚಲಚ್ಚಿತ್ರವೂ ‘ಉಚಿತ’ವೆಂಬ ಭ್ರಾಂತಿಯೂ

ಅಮೆರಿಕಾ ದೇಶದ ಅನೇಕ ಸಾರ್ವಜನಿಕ ಗ್ರಂಥಾಲಯಗಳು ತಮ್ಮ ಸದಸ್ಯರಿಗೆ ಮನೆಯಲ್ಲಿಯೇ ಕುಳಿತು ಚಲಚ್ಚಿತ್ರಗಳನ್ನು ನೋಡುವ ಅನುಕೂಲವನ್ನು ಕಲ್ಪಿಸಿರುವುವು. ಸದಸ್ಯತ್ವದ ಚೀಟಿಯೊಂದಿದ್ದರೆ ಸಾಕು. 2008ರಲ್ಲಿ ಆಸ್ಟ್ರೇಲಿಯಾದಲ್ಲಿ ಹುಟ್ಟಿದ ‘ಕ್ಯಾನಪಿ’ ಎಂಬ ಅಂತರ್ಜಾಲ ಸೇವೆಯ ಮೂಲಕ ಕಾಸು ಕೊಡದೆ ಚಿತ್ರಗಳನ್ನು ನೋಡಬಹುದು. ಇದನ್ನು ಕಂಡವರು ‘ಎಲ್ಲವೂ ಉಚಿತ, ನಮ್ಮಲ್ಲಿಯೂ ಬರಲಿ’ ಎಂದು ಹಿಗ್ಗುವರು. ಕೇಳಿದ ಪಂಡಿತರಾದರೋ, ಗ್ರಂಥಾಲಯಕ್ಕೂ ಸಿನಿಮಾಕ್ಕೂ ಏನು ಸಂಬಂಧವೆಂದು ಮೂಗು ಮುರಿಯುವರು. ಈ ಉಭಯರೂ ದಾರಿ ತಪ್ಪಿರುವರೆಂಬುದೇ ನಮ್ಮ ಪಕ್ಷ.

ಮೊದಲು ಪಂಡಿತರಿಗೆ ಸಮಾಧಾನ. ಕಾವ್ಯವು ದೃಶ್ಯವೆಂದೂ ಶ್ರವ್ಯವೆಂದೂ ದ್ವಿವಿಧವೆಂದು ನಮ್ಮ ಆಲಂಕಾರಿಕರೇ ವಿಭಾಗಿಸಿಲ್ಲವೇ? ಶಾಕುಂತಲವನ್ನು ಕಪಾಟಿನಲ್ಲಿಟ್ಟು ಗೌರವಿಸುವವರು, 1955ರಲ್ಲಿ ತೆರೆಕಂಡ ಸತ್ಯಜಿತ ರಾಯರ ‘ಪಥೇರ್ ಪಾಂಚಾಲಿ’ಯನ್ನು ಹೊರಗಿಡಲು ಯಾವ ಶಾಸ್ತ್ರಾಧಾರವನ್ನು ತೋರಿಸಬಲ್ಲರು?

ಇನ್ನು ಹಿಗ್ಗುವವರ ಮಾತು. ಸಂಸ್ಕೃತದಲ್ಲಿ ಉಚಿತವೆಂದರೆ ಯೋಗ್ಯವೆಂದರ್ಥ; ಬಿಟ್ಟಿಯೆಂಬ ಅರ್ಥವು ಬಳಕೆಯಲ್ಲಿ ಬಂದುದು. ಗ್ರಂಥಾಲಯದ ಚಲಚ್ಚಿತ್ರವು ಮೊದಲನೆಯ ಅರ್ಥದಲ್ಲಿ ಉಚಿತವೇ ಸರಿ, ಎರಡನೆಯದರಲ್ಲಿ ಎಂದಿಗೂ ಅಲ್ಲ. ಸದಸ್ಯರು ನೋಡಿದ ಪ್ರತಿಯೊಂದು ಚಿತ್ರಕ್ಕೂ ಗ್ರಂಥಾಲಯವು ಶುಲ್ಕ ತೆರುವ ಏರ್ಪಾಡು ಅಲ್ಲಿಯದು. ನೋಡುವವರು ಹೆಚ್ಚಿದಂತೆ ಪುಸ್ತಕದ ಕೀರ್ತಿ ಹೆಚ್ಚುವುದು; ಇಲ್ಲಿ ಸಾಲವು ಹೆಚ್ಚುವುದು! ನ್ಯೂಯಾರ್ಕ್, ಬ್ರೂಕ್ಲಿನ್, ಕ್ವೀನ್ಸ್ ಎಂಬ ಮೂರು ದೊಡ್ಡ ಗ್ರಂಥಾಲಯ ಸಂಸ್ಥೆಗಳು ವೆಚ್ಚವನ್ನು ಭರಿಸಲಾರದೆ 2019ನೆಯ ಜುಲೈ 1ರಿಂದ ಈ ಸೇವೆಯನ್ನು ನಿಲ್ಲಿಸಿದುವು. ಅಷ್ಟು ಹಣ ತೆತ್ತುದಕ್ಕೆ ಆ ಸೇವೆಯ ಒಂದು ಚಿತ್ರವಾದರೂ ಅವುಗಳ ಕಪಾಟಿನಲ್ಲಿ ಉಳಿಯಿತೇ? ಇಲ್ಲ. ಕೊಂಡ ಪುಸ್ತಕವನ್ನೋ ಚಿತ್ರದ ಅಡಕಮುದ್ರಿಕೆಯನ್ನೋ ಸಾವಿರ ಮಂದಿಗೆ ಎರವಲು ಕೊಡಲು ಅಲ್ಲಿಯ ಕಾನೂನಿನ ಅಡ್ಡಿಯಿಲ್ಲ. ಬಾಡಿಗೆಯ ವಸ್ತುವಾದರೋ ಒಪ್ಪಂದದೊಡನೆಯೇ ಮಾಯವಾಗುವುದು.

ನಮ್ಮ ನಾಡಿಗೂ ಇದರಲ್ಲಿ ಪಾಠವುಂಟು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದಂತೆ ನಾವು ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನು ತೆರುತ್ತಿರುವೆವು. ಜಿಲ್ಲಾ ಕೇಂದ್ರ ಗ್ರಂಥಾಲಯಗಳಲ್ಲಿ ಚಲಚ್ಚಿತ್ರಕ್ಕೂ ಸ್ಥಾನವಿರಲಿ. ಆದರೆ ಉತ್ತಮ ಚಿತ್ರಗಳನ್ನು ಕೊಂಡು ಸ್ವಂತ ಭಂಡಾರವನ್ನು ಕಟ್ಟುವುದು ಮೊದಲು. ಬಾಡಿಗೆ ಅನಿವಾರ್ಯವಾದಲ್ಲಿ ವರ್ಷಕ್ಕಿಷ್ಟೆಂದು ನಿಶ್ಚಿತವಾದ ಮೊತ್ತಕ್ಕೆ ಒಪ್ಪತಕ್ಕದ್ದು.

ವಾಚಕ ಮಹಾಶಯರು ಒಂದನ್ನು ಮನಸ್ಸಿನಲ್ಲಿಡಬೇಕು. ಬಿಟ್ಟಿಯೆಂದು ನಂಬಿದವನು ಲೆಕ್ಕ ಕೇಳುವುದಿಲ್ಲ; ತನ್ನ ಹಣವೆಂದು ಬಲ್ಲವನು ಕೇಳದೆ ಬಿಡುವುದಿಲ್ಲ. ಗ್ರಂಥಾಲಯವನ್ನು ಉಳಿಸುವವನು ಈ ಎರಡನೆಯವನೇ.