ಕ್ರಿಸ್‌ಮಸ್ ಪಾನೀಯದ ಮಸಾಲೆ: ನಮ್ಮ ವ್ಯಾಪಾರ ಮೂಟೆಯಲ್ಲೇ ಉಳಿಯಬೇಕೇ?

ಡಿಸೆಂಬರ್ ತಿಂಗಳು ಬಂತೆಂದರೆ ಯುರೋಪಿನ ನಗರಗಳಲ್ಲಿ ಬಿಸಿ ಮಸಾಲೆ ವೈನ್‌ನ ಪರಿಮಳ ಹರಡುತ್ತದೆ. ಜರ್ಮನಿಯಲ್ಲಿ ಇದಕ್ಕೆ ಗ್ಲೂವೈನ್ ಎಂದೂ, ಸ್ವೀಡನ್ನಿನಲ್ಲಿ ಗ್ಲಾಗ್ ಎಂದೂ ಹೆಸರು. ಮೊದಲನೆಯದರಲ್ಲಿ ಚಕ್ಕೆ, ಲವಂಗಗಳು ಪ್ರಧಾನವಾದರೆ, ಎರಡನೆಯದಕ್ಕೆ ಏಲಕ್ಕಿಯೇ ಜೀವ. ಈ ಮಸಾಲೆಗಳಲ್ಲಿ ಒಂದೂ ಆ ಶೀತಪ್ರದೇಶಗಳಲ್ಲಿ ಬೆಳೆಯುವುದಿಲ್ಲ. ಆದರೂ ಅವುಗಳನ್ನು ಹದವಾಗಿ ಬೆರೆಸಿ, ಅಂದವಾದ ಪೊಟ್ಟಣಗಳಲ್ಲಿ ಮಾರಿ ಲಾಭ ಗಳಿಸುವವರು ಅಲ್ಲಿನ ವರ್ತಕರು. ಕೊಡಗು, ಸಕಲೇಶಪುರಗಳ ಏಲಕ್ಕಿಯನ್ನು ಮೂಟೆಯಲ್ಲಿ ತೂಗಿ ಕೊಟ್ಟು ಕೈತೊಳೆದುಕೊಳ್ಳುವವರು ನಾವು. ಈ ಸ್ಥಿತಿ ಬದಲಾಗಬೇಕೆಂಬುದೇ ಈ ಲೇಖನದ ಆಶಯ.

ಪಾನೀಯದ ತಯಾರಿಕೆ ಸರಳವಾದುದು. 750 ಮಿಲಿಲೀಟರ್ ಕೆಂಪು ವೈನಿಗೆ ಎರಡು ತುಂಡು ಚಕ್ಕೆ, ಆರು ಲವಂಗ, ನಾಲ್ಕೈದು ಏಲಕ್ಕಿ, ಒಂದು ಚಕ್ರಮೊಗ್ಗು, ಕಿತ್ತಳೆಯ ಸಿಪ್ಪೆ ಮತ್ತು ರುಚಿಗೆ ತಕ್ಕಷ್ಟು ಸಕ್ಕರೆ ಸೇರಿಸಿ, ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬಿಸಿ ಮಾಡಿ ಸೋಸಬೇಕು. ಮದ್ಯಸಾರವು ಸುಮಾರು 78 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವುದರಿಂದ ಪಾನೀಯವನ್ನು ಕುದಿಯಲು ಬಿಡಬಾರದು. ಪುಡಿ ಹಾಕಿದರೆ ಪಾನೀಯ ಕದಡುತ್ತದೆ. ಆದ್ದರಿಂದ ಇಡಿಯ ಮಸಾಲೆಯೇ ಬೇಕು.

ವ್ಯಾಪಾರದ ಗುಟ್ಟು ಇರುವುದು ಇಲ್ಲಿಯೇ. ಒಂದು ಬಾಟಲಿಗೆ ಬೇಕಾಗುವ ಒಣ ಮಸಾಲೆ ಹೆಚ್ಚೆಂದರೆ ಹತ್ತು ಗ್ರಾಂ. ಒಂದು ಕಿಲೋ ಮಿಶ್ರಣದಿಂದ ನೂರು ಪೊಟ್ಟಣಗಳಾಗುತ್ತವೆ. ತೆಳುಬಟ್ಟೆಯ ಚೀಲ, ಒಣಗಿಸಿದ ಕಿತ್ತಳೆ ಸಿಪ್ಪೆ, ಬಳಕೆಯ ವಿಧಾನ ಮುದ್ರಿಸಿದ ಚೀಟಿ: ಇವಿಷ್ಟನ್ನು ಹೊಂದಿಸಲು ಭಾರಿ ಯಂತ್ರೋಪಕರಣಗಳ ಅಗತ್ಯವಿಲ್ಲ. ಚಕ್ಕೆ, ಲವಂಗ, ಚಕ್ರಮೊಗ್ಗುಗಳನ್ನು ನಾವೂ ಬಹುಪಾಲು ಹೊರಗಿನಿಂದ ತರಿಸಬೇಕಾದೀತು. ಆದರೆ ಬೆಲೆಬಾಳುವ ಏಲಕ್ಕಿ ನಮ್ಮದೇ.

ಒಂದು ಹಬ್ಬದ ಸಣ್ಣ ಬೇಡಿಕೆಯನ್ನು ನೆಚ್ಚಿಕೊಂಡು ಬಂಡವಾಳ ಹೂಡುವುದು ಹೇಗೆಂಬ ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರ ನಮ್ಮ ಊರಿನಲ್ಲೇ ಇದೆ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳಲ್ಲಿ ಬೆಳೆಯುವ ಬೆಂಗಳೂರು ಬ್ಲೂ ದ್ರಾಕ್ಷಿಯ ರಸಕ್ಕೂ ಇದೇ ಪೊಟ್ಟಣ ಒಪ್ಪುತ್ತದೆ. ಮದ್ಯ ಬೇಡವೆನ್ನುವ ಮನೆಗಳಿಗೂ ಮಕ್ಕಳಿಗೂ ಅದು ಸಲ್ಲುತ್ತದೆ. ಚಳಿಗಾಲದುದ್ದಕ್ಕೂ ಮಾರಬಹುದು. ಆದರೆ ವೈನಿಗೆ ಮಸಾಲೆ ಬೆರೆಸಿ ಮಾರಲು ಅಬಕಾರಿ ಪರವಾನಗಿ ಅನಿವಾರ್ಯ. ಸಣ್ಣ ಉದ್ದಿಮೆದಾರರು ಪೊಟ್ಟಣಕ್ಕೇ ಸೀಮಿತರಾಗುವುದು ಕ್ಷೇಮ.

ಗುಣಮಟ್ಟದಲ್ಲಿ ಮಾತ್ರ ಉದಾಸೀನ ಸಲ್ಲದು. 2020ರಲ್ಲಿ ಭಾರತದ ಎಳ್ಳಿನಲ್ಲಿಯೂ, 2024ರಲ್ಲಿ ಹಾಂಗ್‌ಕಾಂಗ್ ಪರೀಕ್ಷಿಸಿದ ಕೆಲವು ಮಸಾಲೆ ಮಿಶ್ರಣಗಳಲ್ಲಿಯೂ ಎಥಿಲೀನ್ ಆಕ್ಸೈಡ್ ಕಂಡುಬಂದು ನಮ್ಮ ಸರಕಿನ ಹೆಸರಿಗೆ ಕಳಂಕ ತಟ್ಟಿತು. ಮಸಾಲೆಗಳಲ್ಲಿ ಇದಕ್ಕೆ ಐರೋಪ್ಯ ಒಕ್ಕೂಟ ವಿಧಿಸಿರುವ ಮಿತಿ ಕಿಲೋಗೆ 0.1 ಮಿಲಿಗ್ರಾಂ ಮಾತ್ರ. ಕ್ಯಾಸಿಯಾ ಚಕ್ಕೆಯನ್ನು ನಿಜವಾದ ದಾಲ್ಚಿನ್ನಿಯೆಂದು ಮಾರುವ ಚಾಳಿಯೂ ನಿಲ್ಲಬೇಕು. ಕ್ಯಾಸಿಯಾದಲ್ಲಿ ಕೌಮರಿನ್ ಅಂಶ ಹೆಚ್ಚಾಗಿರುವುದರಿಂದ ಅಲ್ಲಿನ ಗ್ರಾಹಕರು ಈ ವಿಷಯದಲ್ಲಿ ಬಹಳ ಎಚ್ಚರಿಕೆಯುಳ್ಳವರು.

ಇನ್ನು ಕಾಲದ ಮಾತು. ಅಲ್ಲಿನ ಕ್ರಿಸ್‌ಮಸ್ ಸಂತೆಗಳು ನವೆಂಬರ್ ಅಂತ್ಯದ ಹೊತ್ತಿಗೇ ಆರಂಭವಾಗುತ್ತವೆ. ಹಡಗಿನ ಪ್ರಯಾಣ, ಪರೀಕ್ಷಾ ವರದಿ, ಅಂಗಡಿಗಳ ಮುಂಗಡ ಬೇಡಿಕೆ ಇವೆಲ್ಲವನ್ನೂ ಲೆಕ್ಕ ಹಾಕಿದರೆ ಮಾದರಿಗಳು ಬೇಸಿಗೆಯಲ್ಲೇ ಹೊರಡಬೇಕು. ಡಿಸೆಂಬರಿನಲ್ಲಿ ಎಚ್ಚೆತ್ತರೆ ಮುಂದಿನ ವರ್ಷದ ಸಿದ್ಧತೆಯಷ್ಟೇ ಸಾಧ್ಯ.

ರಫ್ತು ಮಾಡುವವರು ಸಾಂಬಾರ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಒಬ್ಬೊಬ್ಬರೇ ಪರೀಕ್ಷಾ ವೆಚ್ಚ ಭರಿಸುವುದು ಕಷ್ಟ. ಐದಾರು ಮಂದಿ ಕೂಡಿ ಒಂದೇ ಗುಣಮಟ್ಟದ ಮಿಶ್ರಣ ಸಿದ್ಧಪಡಿಸಿದರೆ ಹೊರೆ ಹಗುರವಾಗುತ್ತದೆ. ಅಂತಹ ಗುಂಪುಗಳನ್ನು ಒಗ್ಗೂಡಿಸುವ ಹೊಣೆಯನ್ನು ನಮ್ಮ ವಾಣಿಜ್ಯ ಮಂಡಳಿಯು ವಹಿಸಿಕೊಳ್ಳಬೇಕು, ಸದಸ್ಯ ಬಾಂಧವರು ಮುಂದೆ ಬರಬೇಕು. ಬೆಳೆ ನಮ್ಮದಾಗಿರುವಾಗ ಬೆಲೆಯನ್ನೂ ನಮ್ಮದಾಗಿಸಿಕೊಳ್ಳುವುದು ಉದ್ಯಮಶೀಲರಿಗೆ ಅಸಾಧ್ಯವೇನಲ್ಲ.