ಹೊಗೆಯ ಹರಾಜಿಗೆ ನಮ್ಮ ವಿರೋಧ

ನಮ್ಮ ಸಂಘದ ಕಟ್ಟಡ ನಿಧಿಗೆ ಹಣ ಕೂಡಿಸಲು 'ಹವಾನಾ ಸಂಜೆ'ಯೊಂದನ್ನು ಏರ್ಪಡಿಸಬೇಕೆಂದು ಯುವ ವಿಭಾಗದ ಕೆಲವು ಉತ್ಸಾಹಿಗಳು ಕಾರ್ಯಕಾರಿ ಸಮಿತಿಯ ಮುಂದೆ ಸೂಚನೆ ಇಟ್ಟಿರುವುದು ಸದಸ್ಯರಲ್ಲಿ ಹಲವರಿಗೆ ತಿಳಿದಿರಬಹುದು. ಕ್ಯೂಬಾ ದೇಶದ ಸಿಗಾರುಗಳನ್ನು ತರಿಸುವುದು, ಆಹ್ವಾನಿತರಿಗೆ ಒಂದೊಂದು ಕೊಟ್ಟು ರುಚಿ ನೋಡುವ ಕ್ರಮವನ್ನು ಬಲ್ಲವರಿಂದ ಹೇಳಿಸುವುದು, ಕೊನೆಗೆ ಅಪರೂಪದ ಒಂದು ಸಿಗಾರನ್ನು ಹರಾಜಿಗಿಡುವುದು ಅವರ ಯೋಜನೆ. ಸೂಚನೆಯ ಜೊತೆಗೆ ಎರಡು ಪುಟದ ಟಿಪ್ಪಣಿಯೂ ಹಂಚಿಕೆಯಾಗಿದೆ. ಅದರಲ್ಲಿ 'ಕೋಹಿಬಾ ಬೆಹಿಕೆ' ಎಂಬ ಸಿಗಾರಿನ ಗುಣಗಾನ. ಮೊದಲ ದಮ್ಮಿಗೆ ದೇವದಾರು, ನಡುವೆ ಕೋಕೋ ಮತ್ತು ಹುರಿದ ಕಾಫಿ, ಕೊನೆಯಲ್ಲಿ ಹದ ಮಾಡಿದ ಚರ್ಮ ಮತ್ತು ಜೇನು! ಇದು ಹೊಗೆಸೊಪ್ಪಿನ ವರ್ಣನೆಯೋ ದಿನಸಿ ಅಂಗಡಿಯ ಚೀಟಿಯೋ ಎಂದು ಓದಿದ ನಮಗೆ ಒಂದು ಕ್ಷಣ ಅನುಮಾನವಾಯಿತು.

ಈ ಸೂಚನೆಯನ್ನು ನಾವು ವಿರೋಧಿಸುತ್ತೇವೆ. ಸಭೆಯಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ಮಾತನಾಡಲು ಅಧ್ಯಕ್ಷರು ಬಿಡುವುದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಆ ವಸ್ತುವಿಗೆ ಸಲ್ಲಬೇಕಾದ ನ್ಯಾಯವನ್ನು ಸಲ್ಲಿಸೋಣ. ಕೋಹಿಬಾ ಎಂಬ ಹೆಸರಿನ ಸಿಗಾರು ಹುಟ್ಟಿದ್ದು 1966ರಲ್ಲಿ. ಅದರ ನಲವತ್ತನೆಯ ವರ್ಷದ ನೆನಪಿಗೆ 2006ರಲ್ಲಿ 'ಬೆಹಿಕೆ'ಯನ್ನು ಹೊರತಂದರು. ಒಟ್ಟು ನೂರೇ ಪೆಟ್ಟಿಗೆ, ಪೆಟ್ಟಿಗೆಗೆ ನಲವತ್ತರಂತೆ ನಾಲ್ಕು ಸಾವಿರ ಸಿಗಾರು. ಪೆಟ್ಟಿಗೆಯೊಂದರ ಬೆಲೆ ಸುಮಾರು 15,000 ಯೂರೋ, ಅಂದರೆ ಒಂದು ಸಿಗಾರಿಗೆ 375 ಯೂರೋ. 2010ರಿಂದ ಅದೇ ಹೆಸರಿನಲ್ಲಿ ಮೂರು ಅಳತೆಯ ಸಿಗಾರುಗಳು ಬರತೊಡಗಿದವು. ಆದರೆ ಸಂಗ್ರಾಹಕರು ಕಣ್ಣಿಗೊತ್ತಿಕೊಳ್ಳುವುದು 2006ರ ಆ ನಾಲ್ಕು ಸಾವಿರವನ್ನೇ.

ಇದರ ಹಿಂದಿನ ದುಡಿಮೆ ಸಾಮಾನ್ಯವಾದದ್ದಲ್ಲ. ಕ್ಯೂಬಾದ ಪಶ್ಚಿಮ ತುದಿಯಲ್ಲಿ ಪಿನಾರ್ ದೆಲ್ ರಿಯೋ ಪ್ರಾಂತ. ಅಲ್ಲಿನ ವುಯೆಲ್ತಾ ಅಬಾಹೋ ಎಂಬ ಕೆಂಪು ಮಣ್ಣಿನ ಸೀಮೆಯ ಹೊಗೆಸೊಪ್ಪು ಲೋಕಪ್ರಸಿದ್ಧ. ಸಿಗಾರಿನ ಮೇಲುಹೊದಿಕೆಗೆ ಬೇಕಾದ ಎಲೆಯನ್ನು ತೆಳುಬಟ್ಟೆಯ ಚಪ್ಪರದ ಕೆಳಗೆ, ಬಿಸಿಲು ನೇರ ಬೀಳದಂತೆ, ಮಗುವನ್ನು ಸಾಕಿದಂತೆ ಬೆಳೆಸುತ್ತಾರೆ. ಒಳಗಿನ ಎಲೆಗಳು ತೆರೆದ ಬಿಸಿಲಿನಲ್ಲಿ ಬೆಳೆಯುತ್ತವೆ. ಗಿಡದ ಬುಡದ ಎಲೆ ಚೆನ್ನಾಗಿ ಉರಿಯುವುದಕ್ಕೆ, ನಡುವಿನದು ಪರಿಮಳಕ್ಕೆ, ಮೇಲಿನದು ಖಾರಕ್ಕೆ. ಎಲ್ಲಕ್ಕಿಂತ ತುದಿಯಲ್ಲಿ ಎರಡು ದಪ್ಪ ಎಲೆಗಳು ಕೆಲವು ಗಿಡಗಳಲ್ಲಿ ಮಾತ್ರ ಬರುತ್ತವೆ. 'ಮೆದಿಯೋ ತಿಯೆಂಪೋ' ಎಂಬ ಆ ಎಲೆಯೇ 2010ರ ಬೆಹಿಕೆಯ ಹೆಗ್ಗಳಿಕೆ. ಕೊಯ್ದ ಎಲೆಯನ್ನು ಗಾಳಿಯಾಡುವ ಮನೆಗಳಲ್ಲಿ ತೂಗುಹಾಕಿ ಒಣಗಿಸಿ, ಆಮೇಲೆ ರಾಶಿ ಹಾಕುತ್ತಾರೆ. ನಮ್ಮ ಗೊಬ್ಬರದ ಗುಂಡಿ ಒಳಗೊಳಗೇ ಕಾಯುವಂತೆ ಆ ರಾಶಿಯೂ ಕಾಯುತ್ತದೆ, ಅಮೋನಿಯಾ ಹೊರಟುಹೋಗುತ್ತದೆ, ಎಲೆಯ ಒರಟುತನ ಇಳಿಯುತ್ತದೆ. ಬಳಿಕ ಎಲೆ ಮಾಗುವುದಕ್ಕೆ ವರ್ಷಗಳೇ ಹಿಡಿಯುತ್ತವೆ.

ಸುರುಟುವ ಕೆಲಸಕ್ಕೆ ಯಂತ್ರವಿಲ್ಲ. ಒಂದು ಹಲಗೆ, ಅರ್ಧಚಂದ್ರದಂಥ ಒಂದು ಕತ್ತಿ, ತುಸು ಅಂಟು, ಎರಡು ಕೈ, ಇಷ್ಟೇ ಸಲಕರಣೆ. ಒಳಗಿನ ಎಲೆಗಳನ್ನು ಬಿಗಿಯಾಗಿ ಅದುಮಿದರೆ ಹೊಗೆ ಬಾರದು, ಸಡಿಲ ಬಿಟ್ಟರೆ ಬೇಗ ಉರಿದು ಬಾಯಿ ಸುಡುತ್ತದೆ. ಆ ಹದ ಬೆರಳಿಗೆ ಬರಲು ವರ್ಷಗಳು ಬೇಕು. 2006ರ ನಾಲ್ಕು ಸಾವಿರವನ್ನೂ ಸುರುಟಿದ್ದು ಹವಾನಾದ ಎಲ್ ಲಗೀತೋ ಕಾರ್ಖಾನೆಯ ನೋರ್ಮಾ ಫರ್ನಾಂದೆಸ್ ಎಂಬ ಒಬ್ಬ ಹೆಂಗಸು. ಯುವ ವಿಭಾಗದ ಎರಡು ಪುಟಗಳಲ್ಲಿ ದೇವದಾರು ಮೂರು ಸಲ, ಜೇನು ಎರಡು ಸಲ ಬಂದಿದೆ. ಈ ಹೆಂಗಸಿನ ಹೆಸರು ಒಂದು ಸಲವೂ ಇಲ್ಲ. ನಮ್ಮ ಮೊದಲ ಆಕ್ಷೇಪಣೆ ಇದೇ.

ಅಲ್ಲಿನ ಕಾರ್ಖಾನೆಗಳಲ್ಲಿ 1865ರಿಂದ ನಡೆದುಬಂದ ಒಂದು ಸಂಪ್ರದಾಯವನ್ನಾದರೂ ಟಿಪ್ಪಣಿಕಾರರು ಬರೆಯಬಹುದಿತ್ತು. ಕೆಲಸಗಾರರು ಸುರುಟುತ್ತ ಕುಳಿತಿರುವಾಗ ಎತ್ತರದ ಪೀಠದಲ್ಲಿ ಒಬ್ಬ ವಾಚಕ ಕುಳಿತು ವೃತ್ತಪತ್ರಿಕೆ, ಕಾದಂಬರಿ ಓದಿ ಹೇಳುತ್ತಾನೆ. ಹಿಂದಿನ ಕಾಲದಲ್ಲಿ ಅವನ ಸಂಬಳಕ್ಕೆ ಕೆಲಸಗಾರರೇ ತಮ್ಮ ಕೂಲಿಯಿಂದ ವಂತಿಗೆ ಹಾಕುತ್ತಿದ್ದರು. 'ಮೊಂತೆ ಕ್ರಿಸ್ತೋ' ಎಂಬ ಸಿಗಾರಿಗೆ ಆ ಹೆಸರು ಬಂದದ್ದು ಹಾಗೆ ಕೇಳಿದ ಡ್ಯೂಮಾನ ಕಾದಂಬರಿಯಿಂದ. ಗಮಕಿಗಳನ್ನು ಕರೆಸಿ ಭಾರತ ವಾಚನ ಮಾಡಿಸುವ ನಮ್ಮ ಸಂಘಕ್ಕೆ ಹವಾನಾದಿಂದ ತರಿಸಿಕೊಳ್ಳಲು ಯೋಗ್ಯವಾದದ್ದು ಈ ವಿಷಯ. ನಮ್ಮವರು ತರಿಸಹೊರಟದ್ದು ಬೂದಿಯನ್ನು.

ಇನ್ನು ರುಚಿಯ ಮಾತು. ಕ್ರಮವೇನೋ ವಿಸ್ತಾರವಾಗಿಯೇ ಇದೆ. ಸಿಗಾರಿನ ತಲೆಯನ್ನು ಚೂಪಾದ ಕತ್ತರಿಯಿಂದ ತುಸುವೇ ಕತ್ತರಿಸಬೇಕು. ಹಚ್ಚುವ ಮೊದಲು ಒಮ್ಮೆ ಒಣಗಾಳಿ ಎಳೆದು ನೋಡಬೇಕು. ದೇವದಾರಿನ ಸೀಳಿನಿಂದ, ಉರಿ ನೇರ ತಾಗದಂತೆ, ತಿರುಗಿಸುತ್ತ ಹಚ್ಚಬೇಕು. ನಿಮಿಷಕ್ಕೊಂದು ದಮ್ಮು, ಹೊಗೆಯನ್ನು ಎದೆಗೆ ಇಳಿಸಬಾರದು, ಬಾಯಲ್ಲೇ ಹೊರಳಿಸಿ ಬಿಡಬೇಕು. ಬೂದಿಯನ್ನು ಕೊಡವಬಾರದು, ತಾನಾಗಿ ಬೀಳಬೇಕು. ಉದ್ದವನ್ನು ಮೂರು ಭಾಗ ಮಾಡಿ ಒಂದೊಂದರ ರುಚಿಯನ್ನೂ ಬೇರೆಬೇರೆ ಬರೆದಿಡಬೇಕು. ನಮ್ಮ ಕಚೇರಿಯ ಯಾವ ಕಡತಕ್ಕೂ ಇಷ್ಟು ಶಿಸ್ತು ಇಲ್ಲ!

ಕೇಳಿ ಬರೆಯುತ್ತಿದ್ದೀರಿ ಎಂದು ಯಾರೂ ಆಡದಿರಲಿ ಎಂದು ಇದನ್ನೂ ಹೇಳಿಬಿಡುತ್ತೇವೆ. ಸ್ನೇಹಿತರೊಬ್ಬರ ಮಗ ಕೊಲ್ಲಿ ದೇಶದಿಂದ ತಂದಿದ್ದ ಸಾಧಾರಣ ದರ್ಜೆಯ ಹವಾನಾ ಒಂದನ್ನು, ಅವರ ಬಲವಂತಕ್ಕೆ, ಕಾಲುಭಾಗದಷ್ಟು ನಾವೂ ಸೇದಿದ್ದೇವೆ. ಮೊದಲು ಬಂದದ್ದು ಮಳೆಗಾಲ ಕಳೆದು ಬಿಚ್ಚಿದ ಹುಲ್ಲುಮೆದೆಯ ವಾಸನೆ. ಅದು ಚೆನ್ನಾಗಿಯೇ ಇತ್ತು, ಊರಿನ ಕೊಟ್ಟಿಗೆ ನೆನಪಾಯಿತು. ಆಮೇಲೆ ನಾಲಿಗೆಯ ಅಂಚಿಗೆ ಮೆಣಸಿನ ಕಾಳು ಕಡಿದಂಥ ಚುರುಕು, ಕೆಳತುಟಿಗೆ ಕಹಿ. ಹತ್ತು ನಿಮಿಷಕ್ಕೆ ಹಣೆ ಬೆವರಿ ತಲೆ ತಿರುಗತೊಡಗಿತು, ಕೆಳಗಿಟ್ಟೆವು. ಕೋಕೋ, ಜೇನು ಯಾವುದೂ ಸಿಗಲಿಲ್ಲ. ಅಭ್ಯಾಸವಿದ್ದವರಿಗೆ ಸಿಗಬಹುದು, ನಾವು ಜಗಳವಾಡುವುದಿಲ್ಲ. ನಾಲಿಗೆಯನ್ನು ಪಳಗಿಸುವುದು ಒಂದು ವಿದ್ಯೆಯೇ. ನಮ್ಮ ಕಾಫಿ ಮಂಡಳಿಯಲ್ಲೂ ರುಚಿ ನೋಡುವವರಿದ್ದಾರೆ; ಚಮಚದಲ್ಲಿ ಹೀರಿ, ಹೊರಳಿಸಿ, ಉಗುಳಿ, ದರ್ಜೆ ಬರೆಯುತ್ತಾರೆ. ಅವರು ಬರೆದ ದರ್ಜೆಯಿಂದ ಬೆಳೆಗಾರನ ಮಾಲಿಗೆ ಬೆಲೆ ಗೊತ್ತಾಗುತ್ತದೆ. ಸಿಗಾರಿನ ರಸಿಕರು ಬರೆಯುವ ಮೂರು ಭಾಗದ ವರ್ಣನೆಯಿಂದ ಯಾವ ಬೆಳೆಗಾರನಿಗೆ ಏನು ಸಿಗುತ್ತದೆ?

ಬೆಲೆಯ ವಿಷಯಕ್ಕೆ ಬಂದರೆ ನಾಲ್ಕು ಸಾವಿರ ಎಂಬ ಆ ಮಿತಿಯನ್ನೇ ನೋಡಿ. ಅದು ಮಣ್ಣು ಹಾಕಿದ ಮಿತಿಯಲ್ಲ, ಮಾರುವವರು ಹಾಕಿದ್ದು. ನೋರ್ಮಾ ಅವರು ನಾಲ್ಕು ಸಾವಿರದ ಒಂದನೆಯದನ್ನು ಸುರುಟಿದ್ದರೆ ಅದರ ರುಚಿ ಕೆಡುತ್ತಿತ್ತೇ? ಹಣ ತೆರುವವನು ಎಲೆಗೆ ಸ್ವಲ್ಪ ತೆರುತ್ತಾನೆ, 'ಇದು ನಿನಗಿಲ್ಲ' ಎಂಬ ಮಾತಿಗೆ ಬಹಳ ತೆರುತ್ತಾನೆ. 2022ರಲ್ಲಿ ಕೋಹಿಬಾದ ಬೆಲೆಯನ್ನು ಲೋಕದ ಎಲ್ಲ ಪೇಟೆಗಳಲ್ಲೂ ಹಾಂಗ್‌ಕಾಂಗಿನ ಮಟ್ಟಕ್ಕೆ ಏರಿಸಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಇಯಾನ್ ಚಂಡಮಾರುತ ಪಿನಾರ್ ದೆಲ್ ರಿಯೋಗೆ ಬಡಿದು ಹೊಗೆಸೊಪ್ಪು ಒಣಗಿಸುವ ಸಾವಿರಾರು ಮನೆಗಳನ್ನು ಕೆಡವಿತು. ಮರುವರ್ಷ, 2023ರಲ್ಲಿ, ಮಾರಾಟದ ಹಕ್ಕು ಹೊಂದಿರುವ ಹಬಾನೋಸ್ ಕಂಪನಿಯ ವಹಿವಾಟು ಶೇ. 31ರಷ್ಟು ಏರಿ 72 ಕೋಟಿ ಡಾಲರನ್ನು ದಾಟಿತು. ಚಪ್ಪರ ಬಿದ್ದವರು ಒಂದು ಕಡೆ, ವಹಿವಾಟು ಎದ್ದವರು ಇನ್ನೊಂದು ಕಡೆ.

ಹರಾಜಿನ ಕಲ್ಪನೆ ನಮ್ಮ ಹುಡುಗರಿಗೆ ಬಂದದ್ದೂ ಅಲ್ಲಿಂದಲೇ. ಹವಾನಾದ ವಾರ್ಷಿಕ ಸಿಗಾರು ಉತ್ಸವದಲ್ಲಿ ಪೆಟ್ಟಿಗೆಗಳನ್ನು ಹರಾಜು ಹಾಕುತ್ತಾರೆ. 2024ರ ಹರಾಜಿನಲ್ಲಿ ಸುಮಾರು 1.78 ಕೋಟಿ ಯೂರೋ ಬಂತು. ಆ ಹಣ ದೇಶದ ಸಾರ್ವಜನಿಕ ಆರೋಗ್ಯಕ್ಕೆ ಹೋಗುತ್ತದೆ ಎಂಬುದು ಟಿಪ್ಪಣಿಯ ಪ್ರಬಲ ವಾದ. ಸಾಗರದಾಚೆಯ ನಿರ್ಬಂಧದಿಂದ 1962ರಿಂದ ಬಳಲುತ್ತಿರುವ ಬಡ ದೇಶವೊಂದು ತನ್ನಲ್ಲಿರುವುದನ್ನು ಮಾರಿ ಔಷಧಿ ಕೊಳ್ಳುವುದನ್ನು ನಾವು ಆಡಿಕೊಳ್ಳುವುದಿಲ್ಲ. ಅವರಿಗೆ ಬೇರೆ ದಾರಿ ಕಡಿಮೆ. ನಮಗೇನಾಗಿದೆ? ಮುಂಬಯಿಯಲ್ಲಿ ಮಳೆಗಾಲಕ್ಕೆ ಯಕ್ಷಗಾನ ಮೇಳಗಳು ಬರುವುದು ನಿಂತುಹೋಗಿದೆಯೇ?

'ಸಿಗಾರಿನ ಹೊಗೆಯನ್ನು ನುಂಗುವುದಿಲ್ಲ, ಆದ್ದರಿಂದ ಅಪಾಯವಿಲ್ಲ' ಎಂಬ ಒಂದು ಸಾಲೂ ಟಿಪ್ಪಣಿಯಲ್ಲಿ ನುಸುಳಿದೆ. ಬಿ.ಎಸ್‌ಸಿ. ಮುಗಿಸಿ ಇಪ್ಪತ್ತು ವರ್ಷ ದಾಟಿದರೂ ಆಮ್ಲ, ಕ್ಷಾರ ಮರೆತಿಲ್ಲವಾದ್ದರಿಂದ ಇದಕ್ಕೆ ಉತ್ತರ ಕೊಡಲೇಬೇಕು. ಸಿಗರೇಟಿನ ಹೊಗೆ ಸಾಮಾನ್ಯವಾಗಿ ಆಮ್ಲಗುಣದ್ದು. ಅದರ ನಿಕೋಟಿನ್ ಬಾಯಲ್ಲಿ ಹೆಚ್ಚು ಹೀರಲ್ಪಡುವುದಿಲ್ಲ, ಶ್ವಾಸಕೋಶಕ್ಕೆ ಇಳಿಯಬೇಕು. ಗಾಳಿಯಲ್ಲಿ ಒಣಗಿ ರಾಶಿಯಲ್ಲಿ ಹುದುಗಿದ ಸಿಗಾರಿನ ಎಲೆಯ ಹೊಗೆ ಕ್ಷಾರಗುಣದ್ದು. ಅದರಲ್ಲಿ ನಿಕೋಟಿನ್ ಬಿಡಿಯಾಗಿ ನಿಂತಿರುವುದರಿಂದ ತುಟಿ, ಕೆನ್ನೆಯ ಒಳಪದರದಿಂದಲೇ ರಕ್ತಕ್ಕೆ ಸೇರುತ್ತದೆ. ನುಂಗದೆಯೇ ನಮ್ಮ ತಲೆ ತಿರುಗಿದ್ದು ಏಕೆಂದು ಈಗ ತಿಳಿಯಿತಲ್ಲ! ಹುದುಗುವಾಗ ಹುಟ್ಟುವ ನೈಟ್ರೋಸಮೀನುಗಳು ಕ್ಯಾನ್ಸರ್‌ಕಾರಕ. ದೊಡ್ಡ ಸಿಗಾರೊಂದರಲ್ಲಿ ಐದು ಗ್ರಾಂಗೂ ಮಿಕ್ಕಿ ಹೊಗೆಸೊಪ್ಪು, ಸಿಗರೇಟಿನಲ್ಲಿ ಒಂದು ಗ್ರಾಂಗಿಂತ ಕಡಿಮೆ. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿಗೆ ಸಿಗಾರು ಕಾರಣವಾಗುತ್ತದೆ ಎಂಬುದರಲ್ಲಿ ವೈದ್ಯರಿಗೆ ಸಂದೇಹವಿಲ್ಲ. ಕೋಹಿಬಾ ಹುಟ್ಟಿದ್ದು ಯಾರಿಗಾಗಿಯೋ ಆ ಫಿಡೆಲ್ ಕ್ಯಾಸ್ಟ್ರೊ ಅವರೇ 1985ರಲ್ಲಿ, ಜನರ ಆರೋಗ್ಯಕ್ಕೆ ಮೇಲ್ಪಂಕ್ತಿಯಾಗಲೆಂದು, ಸಿಗಾರು ಬಿಟ್ಟರು. ಕಾರ್ಖಾನೆಯ ಯಜಮಾನನೇ ಬಿಟ್ಟದ್ದನ್ನು ನಮ್ಮ ಹುಡುಗರು ಟಿಕೆಟು ಹಚ್ಚಿ ಹಿಡಿಯಬೇಕಂತೆ!

ಹೆಸರಿನ ಕಥೆ ಇನ್ನೂ ಕಹಿ. 'ಕೋಹಿಬಾ' ಎಂಬುದು ಕ್ಯೂಬಾದ ಮೂಲನಿವಾಸಿಗಳಾದ ತಾಯ್ನೋ ಜನರ ಮಾತು. ಸುರುಟಿದ ಹೊಗೆಸೊಪ್ಪಿಗೆ ಅವರಿಟ್ಟಿದ್ದ ಹೆಸರು. 'ಬೆಹಿಕೆ' ಎಂದರೆ ಅವರ ಪೂಜಾರಿ, ವೈದ್ಯ. 1492ರಲ್ಲಿ ಕೊಲಂಬಸನ ಕಡೆಯವರು ಈ ಜನ ಎಲೆ ಸುರುಟಿ ಹೊಗೆ ಸೇವಿಸುವುದನ್ನು ಕಂಡರು. ಮುಂದಿನ ಕೆಲವೇ ದಶಕಗಳಲ್ಲಿ ದುಡಿಮೆ, ಕತ್ತಿ, ಸಿಡುಬು ಸೇರಿ ಆ ಜನಾಂಗವನ್ನು ಹೆಚ್ಚುಕಡಿಮೆ ಒರೆಸಿಹಾಕಿದವು. ಅವರ ಭಾಷೆಯನ್ನು ಮನೆಮಾತಾಗಿ ಆಡುವವರು ಇಂದು ಇಲ್ಲ. ಪದಗಳು ಸಿಗಾರಿನ ಉಂಗುರದ ಮೇಲೆ ಉಳಿದಿವೆ. ಪರಊರಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸಲು ಭಾನುವಾರದ ತರಗತಿ ನಡೆಸುವ ಸಂಘಕ್ಕೆ ಇದು ಸಂತೋಷದಿಂದ ಹರಾಜು ಕೂಗುವ ಹೆಸರೇ?

ಕೊನೆಯದಾಗಿ ನಮ್ಮ ಮನೆಯ ಮಾತು. ಈ ಸಂಘದಲ್ಲಿ ದಕ್ಷಿಣ ಕನ್ನಡ, ಉಡುಪಿಯ ಕಡೆಯವರು ಎಷ್ಟು ಜನರಿದ್ದೀರಿ ಎಂಬುದು ನಮಗೆ ಗೊತ್ತು. ನಿಮ್ಮಲ್ಲಿ ಎಷ್ಟು ಜನರ ತಾಯಿ, ಅಕ್ಕ, ಅತ್ತಿಗೆಯರು ಮಡಿಲಲ್ಲಿ ಗೆರಸೆ ಇಟ್ಟುಕೊಂಡು, ಬೀಡಿ ಎಲೆ ಕತ್ತರಿಸಿ, ಚಿಮಣಿ ದೀಪದಲ್ಲಿ ಕಟ್ಟು ಕಟ್ಟಿ, ಬೆಳಿಗ್ಗೆ ಬ್ರಾಂಚಿಗೆ ಹೊತ್ತು, ಸಾವಿರ ಬೀಡಿಗೆ ಇಷ್ಟು ಎಂದು ಬಂದ ಕೂಲಿಯಲ್ಲಿ ನಿಮ್ಮ ಶಾಲೆಯ ಫೀಜು ಕಟ್ಟಿದರು? ಅವರದೂ ಬೆರಳಿನ ಹದವೇ, ಅದೂ ಹೊಗೆಸೊಪ್ಪೇ. ಆ ಬೀಡಿಯನ್ನು ಮೂರು ಭಾಗ ಮಾಡಿ ಯಾರೂ ಕೋಕೋ ಹುಡುಕಲಿಲ್ಲ. ಇಂದು ಬೀಡಿ ಕಟ್ಟಿನ ಮೇಲೆ ಕಾನೂನಿನ ಪ್ರಕಾರ ಹುಣ್ಣಿನ ಚಿತ್ರವಿದೆ, ಇರಬೇಕಾದದ್ದೇ. ಸಿಗಾರಿನ ರಸಾಸ್ವಾದದ ಬರಹಕ್ಕೆ ಮಾತ್ರ ಯಾವ ಚಿತ್ರವೂ ಇಲ್ಲ. 2003ರ ಕಾಯಿದೆ ಹೊಗೆಸೊಪ್ಪಿನ ಪದಾರ್ಥಗಳ ಜಾಹೀರಾತನ್ನು, ಪರೋಕ್ಷವಾದದ್ದನ್ನೂ ಸೇರಿಸಿ, ನಿಷೇಧಿಸಿದೆ ಎಂಬುದನ್ನು ಸೂಚಕರು ಓದಿಕೊಳ್ಳುವುದು ಒಳ್ಳೆಯದು. ಸಂಘದ ಲೆಟರ್‌ಹೆಡ್ಡಿನಲ್ಲಿ ಹೊರಟ ಆಹ್ವಾನಪತ್ರಿಕೆಗೆ ಉತ್ತರ ಹೇಳಬೇಕಾದವರು ಕಾರ್ಯದರ್ಶಿಗಳು.

ಊರಿಗೆ ಬಸ್ಸಿನಲ್ಲಿ ಹೋಗುವವರು ನಿಪ್ಪಾಣಿಯನ್ನು ದಾಟಿಯೇ ಹೋಗುತ್ತೀರಿ. 1981ರಲ್ಲಿ ಅಲ್ಲಿನ ಹೊಗೆಸೊಪ್ಪಿನ ರೈತರು ತಮ್ಮ ಬೆಳೆಗೆ ನ್ಯಾಯವಾದ ಬೆಲೆ ಕೇಳಿ ಅದೇ ಹೆದ್ದಾರಿಯಲ್ಲಿ ಕುಳಿತರು. ಪೊಲೀಸರ ಗೋಲಿಬಾರಿನಲ್ಲಿ ಸತ್ತರು. ಬೆಳೆದವನು ಬೆಲೆ ಕೇಳಿದರೆ ಗುಂಡು, ಸೇದುವವನು ಬೆಲೆ ಹೇಳಿಕೊಂಡರೆ ರಸಿಕತೆ.

ಕಟ್ಟಡ ನಿಧಿಯ ಕೊರತೆ ನಿಜ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಯಕ್ಷಗಾನಕ್ಕೆ ಐವತ್ತು ಟಿಕೆಟು ಮಾರುವ ಹೊಣೆ ನಮ್ಮದು. ನಮ್ಮ ಬಿಲ್ಡಿಂಗು ಮತ್ತು ಪಕ್ಕದ ಎರಡು ಬಿಲ್ಡಿಂಗುಗಳಲ್ಲಿ ಮನೆಮನೆಗೆ ಹೋಗಲು ಸಿದ್ಧರಿದ್ದೇವೆ. ಹವಾನಾ ಸಂಜೆಯ ಸೂಚನೆ ಮತಕ್ಕೆ ಬಂದರೆ ವಿರುದ್ಧವಾಗಿ ಕೈ ಎತ್ತುತ್ತೇವೆ, ಮತ್ತು ನಮ್ಮ ವಿರೋಧವನ್ನು ನಡವಳಿ ಪುಸ್ತಕದಲ್ಲಿ ಹೆಸರು ಸಹಿತ ದಾಖಲಿಸಬೇಕೆಂದು ಕಾರ್ಯದರ್ಶಿಗಳನ್ನು ಈಗಲೇ ಕೇಳಿಕೊಳ್ಳುತ್ತೇವೆ.