ಕೋಲಾರದ ಗಣಿ, ಕೈಗಾದ ನೀರು ಮತ್ತು ನಂಬಿಕೆ ಅನ್ನೋ ವಿಷಯ



ಅಣುತ್ಯಾಜ್ಯದ ಮಾತು ಬಂದಾಗಲೆಲ್ಲ ಬಲ್ಲವರು ಹೇಳೋದು ಒಂದೇ: "ಜನಕ್ಕೆ ವಿಜ್ಞಾನ ಗೊತ್ತಿಲ್ಲ, ಸುಮ್ಮನೆ ಹೆದರ್ತಾರೆ." ನನಗೆ ಈ ಮಾತು ಒಪ್ಪಿಗೆಯಿಲ್ಲ. ಯಾಕೆ ಅಂತ ಹೇಳೋಕೆ ಕೆಜಿಎಫ್ ಕಥೆ ಸಾಕು. (ಸಿನಿಮಾ ಅಲ್ಲ ಮಾರಾಯ್ರೆ, ನಿಜವಾದ ಕೆಜಿಎಫ್!)

2012ರ ನವೆಂಬರ್. ಕೂಡಂಕುಳಂ ಸ್ಥಾವರದ ವಿರುದ್ಧದ ಕೇಸು ಸುಪ್ರೀಂ ಕೋರ್ಟಿನಲ್ಲಿ ನಡೀತಿತ್ತು. ಅಲ್ಲಿನ ತ್ಯಾಜ್ಯ ಎಲ್ಲಿಗೆ ಹೋಗುತ್ತೆ ಅನ್ನೋ ಪ್ರಶ್ನೆಗೆ ಉತ್ತರ ಕೊಡುವಾಗ ಕೋಲಾರದ ಚಿನ್ನದ ಗಣಿಯ ಹೆಸರು ಬಂತು. ತಮಿಳುನಾಡಿನ ಕಡಲ ದಂಡೆಯ ಸ್ಥಾವರ, ದೆಹಲಿಯ ಕೋರ್ಟು, ನಡುವೆ ನಮ್ಮ ಕೆಜಿಎಫ್! ಆ ಊರಿನವರಿಗೆ ಸುದ್ದಿ ಗೊತ್ತಾಗಿದ್ದು ಪೇಪರು, ಟೀವಿಯಿಂದ. ಬೀದಿಗಿಳಿದರು, ಬಂದ್ ಮಾಡಿದರು. ರಾಜ್ಯ ಸರ್ಕಾರವೂ ಬೇಡ ಅಂತು. ಕೆಲವೇ ದಿನಗಳಲ್ಲಿ ಕೇಂದ್ರದವರು "ಹಾಗೇನೂ ಇಲ್ಲ, ಕೋಲಾರದಲ್ಲಿ ತ್ಯಾಜ್ಯ ಹಾಕಲ್ಲ, ಹಿಂದೆ ಅಲ್ಲಿ ಪ್ರಯೋಗ ಮಾಡಿದ್ದೆವು ಅಷ್ಟೇ" ಅಂದರು.

ಪ್ರಯೋಗ ನಡೆದಿದ್ದು ನಿಜ. 1980ರ ದಶಕದಲ್ಲಿ, ಗಣಿಯ ಬಳಕೆಯಲ್ಲಿಲ್ಲದ ಒಂದು ಭಾಗದಲ್ಲಿ, ಸುಮಾರು ಒಂದು ಸಾವಿರ ಮೀಟರ್ ಆಳದಲ್ಲಿ, ಬಂಡೆಗೆ ರಂಧ್ರ ಕೊರೆದು ವಿದ್ಯುತ್ ಹೀಟರ್ ಇಟ್ಟು ಕಾಯಿಸಿದರು. ತ್ಯಾಜ್ಯದ ಬಿಸಿಗೆ ಕಲ್ಲು ಹೇಗೆ ಹಿಗ್ಗುತ್ತೆ, ಎಷ್ಟು ತಡೆಯುತ್ತೆ ಅಂತ ಅಳೆಯೋದಕ್ಕೆ. ಒಳ್ಳೆಯ, ಬೇಕಾದ ಪ್ರಯೋಗವೇ. ಆದರೆ ಊರಿನ ಬಹುತೇಕರಿಗೆ ಅದರ ಸುದ್ದಿ ಮುಟ್ಟಿದ್ದು ಸುಮಾರು ಮೂವತ್ತು ವರ್ಷದ ಮೇಲೆ, ಅದೂ ಸ್ಪಷ್ಟೀಕರಣದ ರೂಪದಲ್ಲಿ! ಸ್ಪಷ್ಟೀಕರಣವಾಗಿ ಬಂದ ಸತ್ಯವನ್ನ ಯಾರು ನಂಬ್ತಾರೆ ಹೇಳಿ?

ಇನ್ನು ಆ ಜನರ "ಅಜ್ಞಾನ"ದ ವಿಷಯ. ತಲೆಮಾರುಗಟ್ಟಲೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಕೆಲಸ ಮಾಡಿದವರು ಅವರು. ಅಲ್ಲಿ ಬಂಡೆ ಇದ್ದಕ್ಕಿದ್ದ ಹಾಗೆ ಸಿಡಿಯೋದು ಅವರಿಗೆ ಗೊತ್ತು, ಸಿಡಿದಾಗ ಸತ್ತವರ ಮನೆಗಳೂ ಗೊತ್ತು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿ ಪಂಪು ನಿಲ್ಲಿಸಿದ ಮೇಲೆ ಸುರಂಗಕ್ಕೆ ನೀರು ತುಂಬಿಕೊಳ್ತು ಅನ್ನೋದೂ ಗೊತ್ತು. ತ್ಯಾಜ್ಯ ಹೂಳೋದಕ್ಕೆ ಭೂವಿಜ್ಞಾನಿಗಳು ಹುಡುಕೋದು ಬಿರುಕಿಲ್ಲದ, ನೀರು ಹರಿಯದ, ಯಾರೂ ಕೊರೆಯದ ಬಂಡೆಯನ್ನ. ನೂರು ವರ್ಷಕ್ಕೂ ಮಿಕ್ಕಿ ಕೊರೆದ ಗಣಿ ಅದಕ್ಕೆ ತದ್ವಿರುದ್ಧ. ಅಂದ ಮೇಲೆ ಆ ಗಣಿ ಕಾರ್ಮಿಕನ ಭಯ ವಿಜ್ಞಾನದ ವಿರುದ್ಧ ಇತ್ತೋ, ವಿಜ್ಞಾನದ ಜೊತೆಗೇ ಇತ್ತೋ? ಮೇಲಾಗಿ, ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಸೈನೈಡ್ ದಿಬ್ಬಗಳು ಊರ ಮಧ್ಯೆ ಇವತ್ತೂ ನಿಂತಿವೆ, ಗಾಳಿಗೆ ಅದರ ಧೂಳು ಮನೆಯೊಳಗೆ ಬರುತ್ತೆ. ಒಂದು ಕಸವನ್ನ ಹಾಗೆ ಬಿಟ್ಟು ಹೋದವರು ಇನ್ನೊಂದನ್ನ ಸಾವಿರಾರು ವರ್ಷ ಕಾಯ್ತೀವಿ ಅಂದ್ರೆ...

ನಮ್ಮ ಅಕ್ಕಿಆಲೂರಿಗೆ ಕೋಲಾರ ದೂರ, ಕೈಗಾ ಹತ್ತಿರ. ಮುಂಡಗೋಡ, ಯಲ್ಲಾಪುರದ ಕಾಡು ದಾಟಿದರೆ ಅದೇ. ಶಿವರಾಮ ಕಾರಂತರು ಆ ಸ್ಥಾವರದ ವಿರುದ್ಧ 1989ರಲ್ಲಿ ಲೋಕಸಭೆ ಚುನಾವಣೆಗೇ ನಿಂತಿದ್ದರು, ಸೋತರು. 1994ರ ಮೇ ತಿಂಗಳಲ್ಲಿ ಕಟ್ಟುತ್ತಿದ್ದ ಗುಮ್ಮಟದ ಕಾಂಕ್ರೀಟು ಕಳಚಿ ಬಿತ್ತು. ಇಂಧನ ಇನ್ನೂ ತುಂಬಿರಲಿಲ್ಲ, ಪುಣ್ಯ. 2009ರ ನವೆಂಬರಿನಲ್ಲಿ ಒಳಗಿನ ಕುಡಿಯುವ ನೀರಿನ ಕೂಲರಿಗೆ ಯಾರೋ ಟ್ರೀಷಿಯಂ ಇದ್ದ ಭಾರಜಲ ಬೆರೆಸಿದ್ದರು, ಐವತ್ತಕ್ಕೂ ಹೆಚ್ಚು ಕೆಲಸಗಾರರ ಮೈಗೆ ಹೋಯ್ತು. ಮೂತ್ರ ಪರೀಕ್ಷೆ ಮಾಡುವ ಪದ್ಧತಿ ಇದ್ದದ್ದರಿಂದ ಗೊತ್ತಾಯ್ತು, ಅದನ್ನ ಒಪ್ಪಬೇಕು. ಒಳಗಿನವರದೇ ಕಿಡಿಗೇಡಿತನ ಅಂತ ಸಂಸ್ಥೆಯೇ ಹೇಳಿತು. ಹೊರಗಿನವರಿಗೆ ಮಾತ್ರ ಸುದ್ದಿ ಬಂದಿದ್ದು ಕೆಲವು ದಿನ ಕಳೆದ ಮೇಲೆ. ಆ ಕೆಲವು ದಿನಗಳಲ್ಲಿ ಕಳೆದದ್ದನ್ನ ಆಮೇಲೆ ಎಷ್ಟು ಪತ್ರಿಕಾ ಪ್ರಕಟಣೆ ಕೊಟ್ಟರೂ ತುಂಬಲಾಗಲ್ಲ.

ಹಾಗಂತ "ಎಲ್ಲೂ ಬೇಡ" ಅನ್ನೋದೂ ನನಗೆ ಸರಿ ಕಾಣಲ್ಲ. ನಮ್ಮ ಹೊಲದ ಬೋರ್‌ವೆಲ್ ಪಂಪಿಗೆ ಬರೋ ಕರೆಂಟಿನಲ್ಲಿ ಕೈಗಾದ ಪಾಲೂ ಇದೆ. ಇದ್ದ ತ್ಯಾಜ್ಯ ಎಲ್ಲಾದರೂ ಇರಲೇಬೇಕು. ತಾರಾಪುರದಲ್ಲಿ ಹೆಚ್ಚು ತೀವ್ರತೆಯ ತ್ಯಾಜ್ಯವನ್ನ ಗಾಜಿನಲ್ಲಿ ಸೇರಿಸಿ, ಉಕ್ಕಿನ ಡಬ್ಬಿಯಲ್ಲಿಟ್ಟು ಕಾಯ್ತಾರೆ. ಕೆಲಸ ಅಚ್ಚುಕಟ್ಟಾದದ್ದೇ. ಪ್ರಶ್ನೆ ಇರೋದು ಮುಂದಿನ ಜಾಗ ಯಾವುದು, ಕೇಳೋದು ಯಾರನ್ನ ಅನ್ನೋದರಲ್ಲಿ.

ಫಿನ್‌ಲೆಂಡಿನಲ್ಲಿ ಮೊದಲು ಊರನ್ನ ಕೇಳಿದರು. ಅಲ್ಲಿನ ಕಾನೂನಿನಲ್ಲಿ ಸ್ಥಳೀಯ ಕೌನ್ಸಿಲ್ಲು ಬೇಡ ಅಂದ್ರೆ ಮುಗೀತು. ಯೂರಾಯೋಕಿ ಅನ್ನೋ ಊರಿನ ಕೌನ್ಸಿಲ್ಲು 2000ದಲ್ಲಿ ಹೂಂ ಅಂದ ಮೇಲೇ ನಾನೂರು ಮೀಟರಿಗೂ ಆಳದ ಸುರಂಗ ಶುರುವಾಗಿದ್ದು. ಹೂಂ ಅನ್ನೋಕೆ ಕಾರಣ ಸರಳ ಅನ್ಸುತ್ತೆ ನನಗೆ: ಉಹೂಂ ಅನ್ನೋ ಹಕ್ಕು ಕೈಯಲ್ಲಿತ್ತು. ನಮ್ಮಲ್ಲಿ ಪಂಚಾಯ್ತಿ ಕಸ ಸುರಿಯೋ ಜಾಗ ಗೊತ್ತುಮಾಡುವಾಗಲೂ ಪಕ್ಕದ ಹೊಲದವನನ್ನ ಕೇಳಲ್ಲ ಬಿಡಿ :-)

ಕೈಗಾ ಸುತ್ತಲಿನ ನೀರು, ಮೀನು, ಹಾಲು, ಅಕ್ಕಿ ತಂದು ವಿಕಿರಣ ಅಳೆಯೋ ಪ್ರಯೋಗಾಲಯ ಅಲ್ಲೇ ಇದೆ. ಈಗ 5 ಮತ್ತು 6ನೇ ಘಟಕ ಬೇರೆ, ತಲಾ 700 ಮೆಗಾವ್ಯಾಟಿನವು. ನನ್ನದು ಒಂದೇ ಬೇಡಿಕೆ. ಆ ಅಂಕಿಗಳು ತಿಂಗಳಿಗೊಮ್ಮೆ ಕನ್ನಡದಲ್ಲಿ ಮಲ್ಲಾಪುರ, ಕದ್ರಾದ ಪಂಚಾಯ್ತಿ ಬೋರ್ಡಿನ ಮೇಲೆ ಬರಲಿ, ಹೆಚ್ಚಾದ ತಿಂಗಳೂ ಬರಲಿ. ಅದೇ ಸ್ಯಾಂಪಲ್ಲನ್ನ ಊರವರು ಆರಿಸಿದ ಬೇರೆ ಲ್ಯಾಬಿನಲ್ಲೂ ಅಳೆಯೋ ಹಾಗಿರಲಿ. ಕಾರವಾರ, ಯಲ್ಲಾಪುರ ಕಡೆಯ ಬ್ಲಾಗಿಗರು ಯಾರಾದರೂ ಇದ್ದರೆ ಇದರ ಬಗ್ಗೆ ಬರೀರಿ. ಲಿಂಕು ಕಳಿಸಿ, ಇಲ್ಲೂ ಹಾಕ್ತೀನಿ.